ನೀರು ಕೊಟ್ಟಿದ್ದೆಯಾ ಅಂತ ಕೇಳಿದ್ದಕ್ಕೆ

ಶಿವಮೊಗ್ಗ
ಸಂಕ್ರಾಂತಿ ಕಳೆದು ಮೂರನೇ ದಿನ

ಪುಟ್ಟೀ,

ಒಂಬತ್ತು ದಿನ ಆಯಿತು, ನೀನು ನನ್ನ ಫೋನ್ ಎತ್ತುತ್ತಿಲ್ಲ. ಅಮ್ಮನ ಹತ್ತಿರ ಮಾತಾಡುತ್ತೀಯ, ಗೊತ್ತು. ಅವಳು ಅಡುಗೆಮನೆಗೆ ಹೋಗಿ ಮೆಲ್ಲಗೆ ಮಾತಾಡುತ್ತಾಳೆ, ನಾನು ಹಜಾರದಲ್ಲಿ ಕೂತು ಅವಳ ‘ಹೂಂ’ ಕೇಳಿಸಿಕೊಳ್ಳುತ್ತಾ ಇರುತ್ತೇನೆ. ಅದಕ್ಕೇ ಕಾಗದ ಬರೆಯಲು ಕೂತೆ. ಕಾಗದವನ್ನಾದರೆ ನಡುವೆ ಕಟ್ ಮಾಡಲಿಕ್ಕೆ ಆಗುವುದಿಲ್ಲ.

ಆ ರಾತ್ರಿ ನೀನು ಲಡಾಖಿನಿಂದ ಅಳುತ್ತಾ ಫೋನ್ ಮಾಡಿದೆ. ನೀನು ನೋಡಿಕೊಳ್ಳುವ ಕುದುರೆಗಳಲ್ಲಿ ಒಬ್ಬಳು ಬೆಳಿಗ್ಗೆಯಿಂದ ಲದ್ದಿ ಹಾಕಿಲ್ಲ, ಮುಂಗಾಲಲ್ಲಿ ನೆಲ ಕೆರೆಯುತ್ತಿದ್ದಾಳೆ, ತಿರುಗಿ ತಿರುಗಿ ಹೊಟ್ಟೆ ನೋಡಿಕೊಳ್ಳುತ್ತಿದ್ದಾಳೆ ಅಂದೆ. ನಾನು ಕೇಳಿದ ಮೊದಲ ಮಾತು ‘ನೀರು ಕೊಟ್ಟಿದ್ದೆಯಾ’ ಅಂತ. ನೀನು ಊಟ ಮಾಡಿದೆಯಾ, ಜೊತೆಗೆ ಯಾರಾದರೂ ಇದ್ದಾರಾ, ಕೈಕಾಲು ಬೆಚ್ಚಗಿದೆಯಾ, ಇದ್ಯಾವುದೂ ನನ್ನ ಬಾಯಿಗೆ ಬರಲಿಲ್ಲ. ಆ ಕಡೆ ನೀನು ಸುಮ್ಮನಾದೆ. ಆಮೇಲೆ ಲೈನ್ ಹೋಯಿತು. ಬೆಳಿಗ್ಗೆ ಎದ್ದು ನೋಡಿದರೆ ಒಂದೇ ಪದದ ಮೆಸೇಜು, ‘ಹೋದಳು’.

ನೀನು ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಆದದ್ದನ್ನು ಇಲ್ಲಿ ಎತ್ತುವುದಿಲ್ಲ. ಈ ಮಾತಿನ ಬೇರು ಅದಕ್ಕಿಂತ ಹಳೆಯದು, ನೀನು ಹುಟ್ಟುವುದಕ್ಕೂ ಮುಂಚಿನದು.

ಅಜ್ಜನ ಜಟಕಾದ ಕಥೆಗಳನ್ನೆಲ್ಲ ನೀನು ಕೇಳಿದ್ದೀಯ. ಚಂದ್ರಿಯ ಕಥೆಯ ಕೊನೆಯನ್ನು ಮಾತ್ರ ನಾನು ನಿನಗೆ ನಿಜ ಹೇಳಿಲ್ಲ. ‘ವಯಸ್ಸಾಗಿತ್ತು, ಸತ್ತುಹೋಯಿತು’ ಅನ್ನುತ್ತಾ ಬಂದೆ. ಚಂದ್ರಿಗೆ ಆಗ 9 ವರ್ಷ. ಕುದುರೆಗೆ ಅದು ಸಾಯುವ ವಯಸ್ಸಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ನನಗೆ 11 ವರ್ಷ. ಆಷಾಢದ ಮಳೆ. ತುಂಗೆ ಉಕ್ಕಿ, ಕೋರ್ಪಲಯ್ಯನ ಛತ್ರದ ಹತ್ತಿರದ ಮಂಟಪ ಮುಳುಗಿತಾ ಅಂತ ಊರಿನವರೆಲ್ಲ ಹೊಳೆ ನೋಡಲು ಹೋಗುತ್ತಿದ್ದ ದಿನಗಳು. ಅಪ್ಪನಿಗೆ ಚಳಿಜ್ವರ ಬಂದು ಮೂರು ದಿನ ಜಟಕಾ ಹೊರಡಲಿಲ್ಲ. ಚಂದ್ರಿ ಲಾಯದಲ್ಲೇ ನಿಂತು ಒಣ ಭತ್ತದ ಹುಲ್ಲು ತಿನ್ನುತ್ತಿದ್ದಳು. ನೀರು ಸೇದಿ ಹಾಕುವ ಕೆಲಸ ನನ್ನದು, ಬೆಳಿಗ್ಗೆ ನಾಲ್ಕು ಕೊಡ, ಸಂಜೆ ನಾಲ್ಕು ಕೊಡ. ಬಾವಿ ಹಿತ್ತಲ ಆ ತುದಿಗೆ. ಕಾಲಿಟ್ಟರೆ ಮೊಣಕಾಲುದ್ದ ಕೆಸರು, ಜಿಗಣೆ ಬೇರೆ. ಮೊದಲ ದಿನ ಎರಡು ಕೊಡ ಹಾಕಿದೆ. ಎರಡನೇ ದಿನ ತೊಟ್ಟಿಯ ತಳದಲ್ಲಿ ಉಳಿದಿದ್ದರ ಮೇಲೆ ಒಂದು ಕೊಡ ಸುರಿದು ಓಡಿಬಂದೆ. ಮೂರನೇ ದಿನ ಹೋಗಲೇ ಇಲ್ಲ. ಇಷ್ಟು ಮಳೆ, ಇಷ್ಟು ಚಳಿ, ಅದಕ್ಕೇನು ಬಾಯಾರಿಕೆ ಅಂದುಕೊಂಡೆ. ಮೂರು ರಾತ್ರಿಯೂ ಅಪ್ಪ ಹಾಸಿಗೆಯಿಂದಲೇ ಕೇಳಿದರು, ‘ನೀರು ಕೊಟ್ಟೆಯೇನೋ?’ ಮೂರು ರಾತ್ರಿಯೂ ‘ಕೊಟ್ಟೆ ಅಪ್ಪ’ ಅಂದೆ.

ನಾಲ್ಕನೇ ರಾತ್ರಿ ಶುರುವಾಯಿತು. ನೀನು ಫೋನಿನಲ್ಲಿ ಹೇಳಿದೆಯಲ್ಲ, ಅದೇ. ನೆಲ ಕೆರೆಯುವುದು, ಹೊಟ್ಟೆ ನೋಡಿಕೊಳ್ಳುವುದು, ಮಲಗುವುದು, ಏಳುವುದು, ಮತ್ತೆ ಮಲಗಿ ಹೊರಳುವುದು. ಅಪ್ಪ ಜ್ವರದಲ್ಲೇ ಕಂಬಳಿಕೊಪ್ಪೆ ಹಾಕಿಕೊಂಡು, ಲಗಾಮು ಹಿಡಿದು, ಕೋಟೆ ಹಿಂದಿನ ಆ ಬೀದಿಯಲ್ಲಿ ಅವಳನ್ನು ನಡೆಸಿದರು. ಮೇಲಿಂದ ಕೆಳಗೆ, ಕೆಳಗಿನಿಂದ ಮೇಲೆ. ಲಾಟೀನು ಹಿಡಿದು ನಾನು ಮುಂದೆ ಮುಂದೆ. ಅವಳ ಲಾಳದ ಸದ್ದು ಹೊತ್ತು ಹೋದಂತೆ ನಿಧಾನ ಆಗುತ್ತಿತ್ತು. ನಡುರಾತ್ರಿ ದಾಟಿದ ಮೇಲೆ ಅಪ್ಪ ನಿಂತು ಇನ್ನೊಮ್ಮೆ ಕೇಳಿದರು, ‘ನಿಜ ಹೇಳು, ನೀರು ಕುಡಿದಿತ್ತಾ?’ ಲಾಟೀನು ನನ್ನ ಕೈಲೇ ಇತ್ತು, ನನ್ನ ಮುಖ ಅವರಿಗೆ ಕಾಣುತ್ತಿತ್ತು. ‘ಕುಡಿದಿತ್ತು’ ಅಂದೆ.

ಬೆಳಕು ಹರಿಯುವ ಹೊತ್ತಿಗೆ ಹೋಗಿಬಿಟ್ಟಳು.

ಇದಾದ ಮೇಲಿನದು ಇನ್ನೂ ಕೆಟ್ಟದ್ದು. ನೀರು ಕುಡಿದಿದ್ದರೆ ಮತ್ತೇನಾಯಿತು ಅಂತ ಅಪ್ಪ ಯೋಚಿಸಿ, ಹುರುಳಿ ಸರಿಯಾಗಿ ಬೆಂದಿರಲಿಲ್ಲ, ಹೊಟ್ಟೆಯೊಳಗೆ ಉಬ್ಬಿತು ಅಂತ ತೀರ್ಮಾನಕ್ಕೆ ಬಂದರು. ಹುರುಳಿ ಬೇಯಿಸುತ್ತಿದ್ದವಳು ನಿನ್ನ ಅಜ್ಜಿ. ಹಸಿ ಸೌದೆ, ಒಲೆ ಉರಿಯುತ್ತಿರಲಿಲ್ಲ, ಹಾಗಾಗಿ ಅವಳೂ ಇರಬಹುದೇನೋ ಅಂತ ಒಪ್ಪಿಕೊಂಡಳು. ಸಾಯುವವರೆಗೂ ಆ ಮಾತು ಹೊತ್ತುಕೊಂಡೇ ಇದ್ದಳು. ‘ನನ್ನ ಕೈಯಿಂದ ಆ ಮೂಕ ಜೀವ ಹೋಯಿತು’ ಅಂತ ನಿನ್ನ ಎದುರಿಗೇ ಎಷ್ಟು ಸಲ ಅಂದಿಲ್ಲ? ಪಕ್ಕದಲ್ಲಿ ಕೂತು ನಾನು ಕಾಫಿ ಕುಡಿಯುತ್ತಿದ್ದೆ. ಅವಳಿಗೆ ಹೇಳಬೇಕಿತ್ತು. ಹೇಳಲಿಲ್ಲ. ಅಪ್ಪ ಮತ್ತೆ ಕುದುರೆ ಕೊಳ್ಳಲಿಲ್ಲ. ಅಡಿಕೆ ಮಂಡಿಯಲ್ಲಿ ಮೂಟೆ ಹೊತ್ತರು. ಅದೇ ಮಂಡಿಯಲ್ಲಿ ನಾನು ಲೆಕ್ಕ ಬರೆದೆ, ನಿನ್ನನ್ನು ಓದಿಸಿದೆ.

ಈಗ ಹೇಳು, ಆ ರಾತ್ರಿ ನನ್ನ ಬಾಯಿಂದ ಬೇರೆ ಯಾವ ಪ್ರಶ್ನೆ ಬರಬೇಕಿತ್ತು?

ಅವತ್ತು ಬೆಳಿಗ್ಗೆ ತೊಟ್ಟಿಯ ಮಂಜುಗಡ್ಡೆ ಒಡೆಯುವುದು ಒಂದು ಗಂಟೆ ತಡವಾಯಿತು, ಅದನ್ನೇ ನೀನು ಹಿಡಿದುಕೊಂಡು ಕೂತಿದ್ದೀಯ ಅಂತ ಅಮ್ಮ ಹೇಳಿದಳು. ಒಂದು ಗಂಟೆಗೆ ಕುದುರೆ ಸಾಯುವುದಿಲ್ಲ ಮಗಳೇ. ಮೂರು ದಿನಕ್ಕೆ ಸಾಯುತ್ತದೆ. ಅದು ನನಗೆ ಗೊತ್ತು.

ನೀನು ಬಿಟ್ಟುಹೋದ ಕಾಲೇಜಿನ ಪುಸ್ತಕಗಳನ್ನು ಡಿಕ್ಷನರಿ ಇಟ್ಟುಕೊಂಡು ರಾತ್ರಿ ಹೊತ್ತು ಓದುತ್ತಿದ್ದೇನೆ. ಇದನ್ನು ಅಮ್ಮ ನಿನಗೆ ಹೇಳಿರಲಾರಳು, ಹೇಳಬೇಡ ಅಂದಿದ್ದೆ. ಕುದುರೆಗೆ ವಾಂತಿ ಮಾಡಲು ಆಗುವುದಿಲ್ಲ, ಜಠರದ ಬಾಯಿ ಅಷ್ಟು ಬಿಗಿ ಅಂತ ಓದಿದೆ. ಒಳಗೆ ಹೋದದ್ದು ಮುಂದೆ ಹೋಗಬೇಕೇ ಹೊರತು ಹಿಂದೆ ಬರುವಂತಿಲ್ಲ. ಹೊಟ್ಟೆಶೂಲೆಗೆ ನೂರು ಕಾರಣ ಇದೆಯಂತೆ. ಕರುಳು ತಿರುಚಿಕೊಂಡರೆ ಪಕ್ಕದಲ್ಲಿ ಎಂಥ ಡಾಕ್ಟರ್ ಇದ್ದರೂ ಆಪರೇಷನ್ ಇಲ್ಲದೆ ಉಳಿಸುವುದು ಕಷ್ಟವಂತೆ. ಆ 11,500 ಅಡಿ ಎತ್ತರದ ಲೇಹ್‌ನಲ್ಲಿ, ಮೈನಸ್ 20ರ ರಾತ್ರಿಯಲ್ಲಿ, ಅಷ್ಟು ಹೊತ್ತು ಅವಳ ಜೊತೆ ನಿಂತೆಯಲ್ಲ. ನಿನ್ನಿಂದ ಇನ್ನೇನು ಆಗಬೇಕಿತ್ತು?

ಆದರೂ ಉಳಿದವುಗಳ ವಿಷಯ ಹೇಳದೆ ಇರಲಾರೆ. ಚಳಿ ಹೆಚ್ಚಾದಷ್ಟೂ ಹುಲ್ಲು ಹೆಚ್ಚು ಬೇಕು, ಕಾಳಲ್ಲ. ಒಣಹುಲ್ಲು ದೊಡ್ಡ ಕರುಳಲ್ಲಿ ಹುದುಗುವಾಗ ಹುಟ್ಟುವ ಕಾವೇ ಅವಕ್ಕೆ ಒಲೆ. ಅಲ್ಲಿಯವರು ಬೇಸಿಗೆಯಲ್ಲಿ ಒಣಗಿಸಿ ಮಾಳಿಗೆ ಮೇಲೆ ಒಟ್ಟಿಟ್ಟಿರುವುದು ನಮ್ಮ ಕುದುರೆಮಸಾಲೆ ಸೊಪ್ಪೇ ಅಂತ ನೀನು ಹೇಳಿದಾಗ ನನಗೆ ಖುಷಿಯಾಗಿತ್ತು. ಆದರೆ ಒಣಮೇವು ಹೆಚ್ಚಾದಷ್ಟೂ ನೀರೂ ಹೆಚ್ಚಬೇಕು, ಚಳಿಗಾಲದಲ್ಲಿ ಅವು ಕುಡಿಯುವುದೇ ಕಡಿಮೆ. ಮಂಜಿನಂಥ ನೀರಿಗೆ ಮೂತಿ ಇಟ್ಟು ಎರಡು ಗುಟುಕಿಗೆ ಬಿಡುತ್ತವೆ. ಉಗುರುಬೆಚ್ಚಗೆ ಮಾಡಿ ಕೊಡು. ಆ ಝನ್ಸ್ಕಾರಿ ತಳಿ ಗಿಡ್ಡ ಅಂತ ಲೆಕ್ಕ ಕಡಿಮೆ ಮಾಡಬೇಡ. 300 ಕೆಜಿ ತೂಗಿದರೂ ದಿನಕ್ಕೆ 15 ಲೀಟರಾದರೂ ಬೇಕು. ಸ್ವಲ್ಪ ಉಪ್ಪು ಹಾಕು, ಬಾಯಾರುತ್ತದೆ. ಹಿಮ ನೆಕ್ಕುತ್ತವೆ, ಸಾಕು ಅಂತ ಯಾರಾದರೂ ಅಂದರೆ ನಂಬಬೇಡ. ಲದ್ದಿ ಒಣಗಿ ಸಣ್ಣದಾಗುತ್ತಿದೆಯಾ ಅಂತ ದಿನಾ ನೋಡು. ಚಳಿಗಾಲದ ಕೂದಲು ದಟ್ಟವಾಗಿ ಬಂದಾಗ ಸೊರಗಿದ್ದು ಕಣ್ಣಿಗೆ ಕಾಣುವುದಿಲ್ಲ, ಪಕ್ಕೆ ಮುಟ್ಟಿ ನೋಡಬೇಕು.

ಸವಾರಿಯ ವಿಷಯ. ಆ ಕಂದು ಕುದುರೆಯ ಮೇಲೆ ನೀನು ಒಬ್ಬಳೇ ಪಕ್ಕದ ಹಳ್ಳಿಗೆ ಹೋಗುತ್ತೀಯ ಅಂತ ಕೇಳಿದಾಗಿನಿಂದ ನನಗೆ ನಿದ್ದೆ ಇಲ್ಲ. ಹೋಗಬೇಡ ಅನ್ನುವುದಿಲ್ಲ. ಹೊರಡುವ ಮೊದಲು ಕಡಿವಾಣವನ್ನು ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡು. ಅಷ್ಟು ತಣ್ಣಗಿನ ಕಬ್ಬಿಣ ಅದರ ನಾಲಿಗೆಗೆ ಅಂಟಿಕೊಳ್ಳುತ್ತದೆ. ಗೊರಸಿನ ತಳದಲ್ಲಿ ಹಿಮ ಉಂಡೆ ಕಟ್ಟುತ್ತದೆ, ಲಾಳ ಇದ್ದರೆ ಇನ್ನೂ ಜಾಸ್ತಿ. ಅದರ ಮೇಲೆ ನಿಂತ ಕುದುರೆಗೆ ಹಿಡಿತವೇ ಇರುವುದಿಲ್ಲ. ದಾರಿಯಲ್ಲಿ ಇಳಿದು ಕೆತ್ತಿ ತೆಗೆ, ತಳಕ್ಕೆ ವ್ಯಾಸಲೀನ್ ಹಚ್ಚು. ನೆಲ ಹೊಳೆಯುವುದು ಕಂಡರೆ ಇಳಿದು ಲಗಾಮು ಹಿಡಿದು ನಡೆ. ಬೆವರುವಷ್ಟು ಓಡಿಸಬೇಡ, ಒದ್ದೆಯಾದ ಕೂದಲು ಮೈಗೆ ಅಂಟಿದರೆ ನಡುವೆ ಗಾಳಿ ನಿಲ್ಲುವುದಿಲ್ಲ, ಕಾವು ಹೋಗುತ್ತದೆ. ಕೊನೆಯ ಅರ್ಧ ಮೈಲಿ ನಡೆಸಿಕೊಂಡೇ ಬಾ. ಅಪ್ಪ ಸ್ಟೇಷನ್ನಿನಿಂದ ಬಂದ ಮೇಲೆ ಗೋಣಿತಾಟಿನಲ್ಲಿ ಚಂದ್ರಿಯ ಮೈ ಉಜ್ಜಿ ಉಜ್ಜಿ ಒಣಗಿಸುತ್ತಿದ್ದರು, ಆಮೇಲೆಯೇ ಅವರ ಊಟ.

ಇದೆಲ್ಲ ನಿನಗೆ ಗೊತ್ತಿರುವುದೇ. ಬರೆಯದಿದ್ದರೆ ನನಗೆ ನಿದ್ದೆ ಬರುವುದಿಲ್ಲ.

ಡಿಸೆಂಬರಿನಲ್ಲಿ ನೀನು ಕಳಿಸಿದ ಫೋಟೋ ಇದೆಯಲ್ಲ, ಬೆನ್ನ ಮೇಲೆ ಹಿಮ ಬಿದ್ದಿದ್ದರೂ ಕುದುರೆ ಸುಮ್ಮನೆ ಮೇಯುತ್ತಿರುವುದು. ಅದನ್ನು ಮಂಡಿಯಲ್ಲಿ ಎಲ್ಲರಿಗೂ ತೋರಿಸಿದೆ. ‘ಅಯ್ಯೋ ಪಾಪ, ಕೊಟ್ಟಿಗೆಯೊಳಗೆ ಕಟ್ಟಬಾರದಾ’ ಅಂದರು. ಆ ಹಿಮ ಕರಗಿಲ್ಲ ನೋಡಿ, ಮೈಯ ಬಿಸಿ ಹೆಚ್ಚು ಹೊರಗೆ ಹೋಗುತ್ತಿಲ್ಲ ಅಂತ ಅದರ ಅರ್ಥ, ನನ್ನ ಮಗಳು ಹೇಳಿದ್ದು ಅಂದೆ. ಶಿವಮೊಗ್ಗದ ವೆಟರ್ನರಿ ಕಾಲೇಜಿನಲ್ಲಿ ಓದಿ ಲಡಾಖಿನಲ್ಲಿ ಕುದುರೆ ನೋಡಿಕೊಳ್ಳುತ್ತಿದ್ದಾಳೆ ಅಂತ ಹೇಳುವಾಗ ನನ್ನ ಧ್ವನಿ ಹೇಗಿತ್ತು ಅಂತ ನೀನು ಕೇಳಬೇಕಿತ್ತು. ಬಸ್ ಸ್ಟ್ಯಾಂಡಿನಲ್ಲಿ ಆ ಧ್ವನಿ ಬರಲಿಲ್ಲ. ಕ್ಷಮಿಸು.

ಸ್ಪೀಡ್ ಪೋಸ್ಟಿನಲ್ಲಿ ಕರಿ ಕಂಬಳಿ, ಉಣ್ಣೆ ಕೈಗವಸು, ಅಮ್ಮ ಮಾಡಿದ ಚಟ್ನಿಪುಡಿ ಬರುತ್ತಿದೆ. ಕಂಬಳಿ ನಿನಗೆ, ಕುದುರೆಗೆ ಹೊದಿಸಿಬಿಡಬೇಡ.

ಇನ್ನೊಂದು. ಹೋದವಳ ಹೆಸರು ನಾನು ಕೇಳಲೇ ಇಲ್ಲ. ನೀನು ಮೊದಲೇ ಹೇಳಿದ್ದೆಯೋ ಏನೋ, ನಾನು ಗಮನ ಕೊಟ್ಟಿರಲಿಲ್ಲ. ಫೋನ್ ಮಾಡಲು ಮನಸ್ಸಿಲ್ಲದಿದ್ದರೆ ಬೇಡ, ಹೆಸರೊಂದನ್ನು ಬರೆದು ಕಳಿಸು.

ನಿನ್ನ,
ಅಪ್ಪ