ಪುರವಣೀಲಿ ಅಚ್ಚಿನ ಮೊಳೆ ಜೋಡಿಸಿದೋರು ಯಾಕಿಲ್ಲ?

ಸಂಪಾದಕರಿಗೆ ನಮಸ್ಕಾರ,

ನಿಮ್ಮ ವಾರ್ಷಿಕೋತ್ಸವದ ಪುರವಣಿ ನೋಡಿದೆ. ಕಲರ್ ಚೆನ್ನಾಗಿ ಬಂದಿದೆ, ಕಾಗದಾನೂ ಒಳ್ಳೇದೇ ಹಾಕಿದೀರ, ಮಂತ್ರಿಗಳ ಶುಭಾಶಯ, ಮಠದ ಆಶೀರ್ವಾದ, ಸೊಸೈಟಿಗಳ ಜಾಹೀರಾತು ಯಾವುದಕ್ಕೂ ಕಮ್ಮಿ ಇಲ್ಲ. ಪತ್ರಿಕೆ ನಡೆದು ಬಂದ ದಾರಿ ಅಂತ ಒಂದು ಲೇಖನ ಇದೆಯಲ್ಲ, ಅದರ ಬಗ್ಗೆ ಈ ಪತ್ರ. 1843ರ ಜುಲೈ 1ಕ್ಕೆ ಜರ್ಮನಿಯ ಪಾದ್ರಿ ಮೋಗ್ಲಿಂಗ್ ಸಾಹೇಬರು ಕನ್ನಡದ ಮೊದಲ ಪತ್ರಿಕೆ ಮಂಗಳೂರ ಸಮಾಚಾರ ತಂದಿದ್ರಿಂದ ಶುರು ಮಾಡಿದೀರ, ಸರಿ, ಆದ್ರೆ ಅದು ಮಂಗಳೂರಲ್ಲಿ ಕಲ್ಲಚ್ಚಲ್ಲಿ ಹದಿನೈದು ದಿನಕ್ಕೊಂದ್ಸಲ ಬರ್ತಿದ್ದ ಪತ್ರಿಕೆ, ಅಲ್ಲಿಂದ ಒಂದೇ ನೆಗೆತಕ್ಕೆ ನಿಮ್ಮ ಹೊಸ ಕಟ್ಟಡದ ಉದ್ಘಾಟನೆಗೆ ಬಂದ್ಬಿಟ್ಟಿದೀರ. ಮಧ್ಯದಲ್ಲಿ ಹಾಸನ ಎಲ್ಲಿ ಹೋಯ್ತು ಸ್ವಾಮಿ? ಸಂಪಾದಕರು ಯಾರು, ಟೇಪ್ ಕತ್ತರಿಸಿದ್ದು ಯಾರು, ಪ್ರಶಸ್ತಿ ಕೊಟ್ಟಿದ್ದು ಯಾರು ಇಷ್ಟೇ ಒಂದು ಊರಿನ ದಿನಪತ್ರಿಕೆ ಇತಿಹಾಸ ಆದ್ರೆ ಅದನ್ನ ಶಿಲಾಫಲಕ ನೋಡ್ಕೊಂಡೇ ಬರೀಬಹುದು.

ನಾನು ಎಪ್ಪತ್ತರ ದಶಕದಲ್ಲಿ ಇದೇ ಊರಲ್ಲಿ ಕಂಪೋಸಿಟರ್, ಅಂದ್ರೆ ಅಚ್ಚಿನ ಮೊಳೆ ಜೋಡಿಸೋನು, ಆಗಿದ್ದೋನು. ಈಗಿನ ಹುಡುಗರಿಗೆ ಹೇಳ್ಬೇಕು ಅಂದ್ರೆ, ಸೀಸದ ಒಂದೊಂದೇ ಅಕ್ಷರ ಮೊಳೆ ಕೇಸಿನಿಂದ ತೆಗೆದು ಎಡಗೈಲಿರೋ ಸ್ಟಿಕ್ಕಿಗೆ ತಲೆಕೆಳಗಾಗಿ ಜೋಡಿಸೋದು, ಕನ್ನಡಕ್ಕೆ ಅಕ್ಷರ ಬೇರೆ ಒತ್ತು ಬೇರೆ ಕೊಂಬು ಬೇರೆ ದೀರ್ಘ ಬೇರೆ, ಇಂಗ್ಲಿಷಿಗೆ ಹೋಲಿಸಿದ್ರೆ ಕೇಸಲ್ಲಿ ಮೊಳೆ ಇಡೋ ಮನೆಗಳೇ ಎಷ್ಟೋ ಪಟ್ಟು ಜಾಸ್ತಿ, ದಿನಾ ನಿಂತ್ಕೊಂಡೇ ಕೆಲಸ. ತಪ್ಪು ನೋಡೋಕೆ ಗ್ಯಾಲಿ ಪ್ರೂಫ್ ಅಂತ ಒಂದು ಪ್ರತಿ ತೆಗೆದು, ತಿದ್ದಿ, ಪುಟ ಕಟ್ಟಿ, ಮಷೀನಿಗೆ ಕೊಟ್ಟು, ಅಚ್ಚಾದ್ಮೇಲೆ ಸೀಮೆಣ್ಣೇಲಿ ಮೊಳೆ ತೊಳೆದು ಮತ್ತೆ ಅದರದರ ಮನೆಗೆ ಹಾಕ್ಬೇಕು, ಇಲ್ದಿದ್ರೆ ನಾಳೆ ಪೇಪರಿಗೆ ಅಕ್ಷರಾನೇ ಇರಲ್ಲ. ಕರೆಂಟ್ ಹೋದ್ರೆ ಟ್ರೆಡಲ್ ಅಚ್ಚಿನ ಮಷೀನನ್ನ ಕಾಲಲ್ಲಿ ತುಳಿಯೋದು.

ನಮ್ಮಂಥ ಜಿಲ್ಲೇಲಿ ಇದ್ದ ಒಂದು ಕಷ್ಟ ಹೇಳ್ತೀನಿ ಕೇಳಿ. ಔತ್ವದ, ಅಂದ್ರೆ ‘ಗೌ’ ಅಕ್ಷರಕ್ಕೆ ಬೇಕಾಗೋ ಔ ಗುರುತಿನ, ಮೊಳೆ ಎರಕ ಹೊಯ್ಯೋ ಫೌಂಡ್ರಿಯವರು ಕೊಡೋದೇ ಸ್ವಲ್ಪ, ಕನ್ನಡದಲ್ಲಿ ಅದು ಅಷ್ಟೇನೂ ಬರಲ್ಲ ಅನ್ನೋದು ಅವರ ಲೆಕ್ಕ, ಆ ಲೆಕ್ಕ ಹಾಸನ ಜಿಲ್ಲೆ ನೋಡಿ ಹಾಕಿದ್ದಲ್ಲ. ಚುನಾವಣೆ ಬಂತು ಅಂದ್ರೆ ನಿಂತೋರೂ ಗೌಡರು, ಸೂಚಕರೂ ಗೌಡರು, ಭಾಷಣ ಮಾಡಿದೋರೂ ಸ್ವಾಗತ ಕೋರಿದೋರೂ ಗೌಡರು, ಎರಡನೇ ಪುಟಕ್ಕೆ ಬರೋ ಹೊತ್ತಿಗೆ ಗೌಡರು ಖಾಲಿ. ಆಗ ಒಳಗಡೆ ಸಂಪಾದಕರಿಗೆ ಹೇಳಿ ಕಳಿಸೋದು, ಸಾರ್ ಇನ್ಮೇಲೆ ಹೆಸರು ಬೇಡ ಅಧ್ಯಕ್ಷರು, ಮುಖಂಡರು ಅಂತ ಹುದ್ದೇಲೇ ಬರೀರಿ ಅಂತ. ಹಳೇ ಪೇಪರಲ್ಲಿ ಕೊನೇ ಪುಟದಲ್ಲಿ ಬರೀ ಮುಖಂಡರೇ ಕಂಡ್ರೆ ಅದರಲ್ಲಿ ರಾಜಕೀಯ ಹುಡುಕ್ಬೇಡಿ, ಮೊಳೆ ಇರಲಿಲ್ಲ ಅಷ್ಟೇ. ಫೋಟೋದೂ ಅದೇ ಕಥೆ, ಅದನ್ನ ಅಚ್ಚು ಹಾಕೋ ಲೋಹದ ಬ್ಲಾಕ್ ಬೆಂಗಳೂರಲ್ಲಿ ಮಾಡಿಸ್ಕೊಂಡು ಬರ್ಬೇಕು, ದುಡ್ಡು ಖರ್ಚು, ಹಂಗಾಗಿ ಒಂದ್ಸಲ ಮಾಡಿಸಿದ ಬ್ಲಾಕ್ ಡ್ರಾಯರಲ್ಲಿ ಇಟ್ಕೊಂಡು ವರ್ಷಗಟ್ಟಲೆ ಹಾಕೋದು. ನಮ್ಮ ಪೇಪರಲ್ಲಿ ಕೆಲವು ಲೀಡರುಗಳಿಗೆ ತಲೆ ನರೀಲೇ ಇಲ್ಲ.

ಸುದ್ದಿ ಎಲ್ಲಿಂದ ಅಂದ್ರೆ ಅರ್ಧ ಆಕಾಶವಾಣಿ. ಒಬ್ರು ರೇಡಿಯೋ ಪಕ್ಕ ಪೆನ್ಸಿಲ್ ಹಿಡ್ಕೊಂಡು ಕೂತ್ಕೊಳೋರು. ತಾಲೂಕಿನ ಸುದ್ದಿ ಬಸ್ಸಲ್ಲಿ ಕವರಲ್ಲಿ ಬರೋದು, ಅದೇ ಬಸ್ಸಲ್ಲೇ ಬೆಳಿಗ್ಗೆ ಪೇಪರಿನ ಕಟ್ಟು ಸಕಲೇಶಪುರಕ್ಕೆ, ಬೇಲೂರಿಗೆ, ಅರಕಲಗೂಡಿಗೆ ಹೋಗೋದು, ಡ್ರೈವರ್ ಸೀಟಿನ ಹಿಂದೆ ಇಟ್ರೆ ಮುಗೀತು, ಅವರು ಸ್ಟಾಪಲ್ಲಿ ಅಂಗಡಿ ಮುಂದೆ ಎಸೆದು ಹೋಗೋರು. ತುರ್ತು ಪರಿಸ್ಥಿತಿ ಟೈಮಲ್ಲಿ, 1975ರ ಜೂನ್ ಆದ್ಮೇಲೆ, ಸೆನ್ಸಾರ್ ಬಂತು, ಅದನ್ನ ವಿರೋಧಿಸಿ ದೊಡ್ಡ ಪೇಪರುಗಳು ಸಂಪಾದಕೀಯದ ಜಾಗ ಖಾಲಿ ಬಿಟ್ಟ ಕಥೆ ಎಲ್ರಿಗೂ ಗೊತ್ತು, ಸಣ್ಣೂರಲ್ಲಿ ಅಂಥ ಧೈರ್ಯಾನೂ ಇರಲಿಲ್ಲ, ಜಾಗ ಖಾಲಿ ಬಿಟ್ರೆ ಜಾಹೀರಾತು ಕಾಸೂ ಹೋಗುತ್ತೆ ಅನ್ನೋ ಭಯ ಬೇರೆ. ಇದನ್ನ ಹೇಳೋಕೆ ನಾಚಿಕೆ ಯಾಕೆ? ಪುರವಣೀಲಿ ಆ ಎರಡು ವರ್ಷಾನೇ ಇಲ್ಲ.

ಇನ್ನು ಪತ್ರಿಕೆ ಬದುಕಿದ್ದು ಯಾವುದರಿಂದ ಅನ್ನೋದು. ನೀವು ಜನಪರ ನಿಲುವಿನಿಂದ ಅಂತ ಬರೆದಿದೀರ, ಇರಬಹುದು. ನಾನು ಕಂಡಂಗೆ ಅದು ಬದುಕಿದ್ದು ನೋಟಿಸಿನಿಂದ ಮತ್ತು ರೇಟಿನಿಂದ. 1984ರಲ್ಲಿ ಭೂಸ್ವಾಧೀನ ಕಾಯ್ದೆಗೆ ತಿದ್ದುಪಡಿ ಬಂದ್ಮೇಲೆ ಜಮೀನು ತಗೊಳೋ ಪ್ರಕಟಣೆ ಆ ಭಾಗದಲ್ಲಿ ಓಡೋ ಎರಡು ದಿನಪತ್ರಿಕೇಲಿ ಹಾಕ್ಬೇಕು, ಅದರಲ್ಲಿ ಒಂದಾದ್ರೂ ಸ್ಥಳೀಯ ಭಾಷೇದಾಗಿರಬೇಕು ಅಂತ ಆಯ್ತು. ಕೋರ್ಟ್ ಸಮನ್ಸ್ ಮನೇಗೆ ತಲುಪದಿದ್ರೆ ಪೇಪರಲ್ಲಿ ಹಾಕ್ಸೋದೂ ಇತ್ತು. ನಮ್ಮ ಜಿಲ್ಲೇಲಿ ಗೊರೂರಲ್ಲಿ ಹೇಮಾವತಿ ಅಣೆಕಟ್ಟು 1979ರಲ್ಲೇ ಮುಗಿದ್ರೂ ನಾಲೆ ಕೆಲಸ ವರ್ಷಾನುಗಟ್ಟಲೆ ನಡೀತು, ಸರ್ವೆ ನಂಬರು ಸರ್ವೆ ನಂಬರು ಅಂತ ಕಾಲಂಗಟ್ಟಲೆ ಬರೋದು, ಓದೋಕೆ ಏನೂ ಇರ್ತಿರಲಿಲ್ಲ ಆದ್ರೆ ತನ್ನ ಸರ್ವೆ ನಂಬರ್ ಇರೋ ರೈತ ಆ ಒಂದು ಹಾಳೇನ ಟ್ರಂಕಲ್ಲಿ ಇಟ್ಕೊಳ್ತಿದ್ದ. ಆಮೇಲೆ ಆಲೂಗೆಡ್ಡೆ. ಜಲಂಧರ್ ಬಿತ್ತನೆ ಲಾರಿ ಎಪಿಎಂಸಿಗೆ ಬಂತಾ, ಮೂಟೆ ಎಷ್ಟು, ಇದು ಬೆಂಗಳೂರು ಪೇಪರಲ್ಲಿ ಸಿಗ್ತಿರಲಿಲ್ಲ. ಕಾಫಿ ರೇಟಂತೂ ತಮಾಷೆ, ಮೊದಲು ಬೆಳೆಗಾರರು ಬೆಳೆನ ಕಾಫಿ ಮಂಡಳಿ ಪೂಲಿಗೆ, ಅಂದ್ರೆ ಎಲ್ಲರದೂ ಸೇರಿಸಿ ಮಂಡಳೀನೇ ಮಾರೋ ರಾಶಿಗೆ, ಹಾಕ್ಬೇಕಿತ್ತು, ದಿನದ ರೇಟು ಅನ್ನೋದು ನಮ್ಮಲ್ಲಿ ಸುದ್ದೀನೇ ಅಲ್ಲ. ತೊಂಬತ್ತರ ದಶಕದಲ್ಲಿ ಹಂತಹಂತವಾಗಿ ಸಡಿಲ ಆಗಿ 1996ಕ್ಕೆ ಪೂರ್ತಿ ಮುಕ್ತ ಆದ್ಮೇಲೆ ಸಕಲೇಶಪುರದ ಕಡೆಯೋರು ಪೇಪರ್ ಬಿಚ್ಚಿದ ತಕ್ಷಣ ನೋಡೋದು ಆ ರೇಟಿನ ಮೂಲೇನೇ.

ಅದೇ ವರ್ಷ ಜೂನ್ 1ಕ್ಕೆ ದೇವೇಗೌಡ್ರು ಪ್ರಧಾನಿ ಆದ್ರಲ್ಲ, ಅಷ್ಟೊತ್ತಿಗೆ ನಮ್ಮ ಕಡೆ ಪ್ರೆಸ್ಸುಗಳಿಗೆ ಕಂಪ್ಯೂಟರಲ್ಲೇ ಅಕ್ಷರ ಜೋಡಿಸೋ ಡಿಟಿಪಿ ಬರ್ತಾ ಇತ್ತು, ಗೌಡರಿಗೆ ಕೊರತೆ ಇರಲಿಲ್ಲ. ಮೊಳೆ ಎಲ್ಲಾ ಕೆಜಿ ಲೆಕ್ಕದಲ್ಲಿ ಗುಜರಿಗೆ ಹೋಯ್ತು, ನಮ್ಮಂಥೋರಲ್ಲಿ ಕೆಲವರು ಕಂಪ್ಯೂಟರ್ ಕಲಿತ್ರು, ಕೆಲವರು ಮದುವೆ ಕಾರ್ಡ್ ಅಂಗಡಿ ಹಾಕಿದ್ರು, ಇನ್ನು ಕೆಲವರು ಏನಾದ್ರು ಅಂತ ಯಾರೂ ಕೇಳ್ಲಿಲ್ಲ.

ಮೊಬೈಲ್ ಬಂದು ಲೋಕಲ್ ಪೇಪರಿಗೆ ಏಟು ಬಿತ್ತು ಅಂತ ಬರೆದಿದೀರಲ್ಲ, ಅದನ್ನ ನಾನು ಒಪ್ಪಲ್ಲ. ಏಟು ಅದಕ್ಕಿಂತ ಮುಂಚೇನೇ ಬಿದ್ದಿತ್ತು. 1999ರಲ್ಲಿ ವಿಜಯ ಕರ್ನಾಟಕ ಶುರುವಾಗಿ ಒಂದೊಂದೇ ಊರಲ್ಲಿ ಆವೃತ್ತಿ ತೆಗೆದು ರೇಟು ಇಳಿಸಿದ್ಮೇಲೆ ಉಳಿದ ದೊಡ್ಡೋರೂ ಜಿಲ್ಲೆಗೊಂದು ಪುಟ ಅಂತ ಪೈಪೋಟಿಗೆ ಬಿದ್ರು, ಹಾಸನದ ಚರಂಡಿ ಸುದ್ದೀನೂ ಬೆಂಗಳೂರು ಪೇಪರಲ್ಲೇ ಬರೋಕೆ ಶುರುವಾಯ್ತು. ಹಂಗಿದ್ರೂ ಜನತಾ ಮಾಧ್ಯಮದಂಥ ನಮ್ಮೂರ ಪೇಪರುಗಳು ನಿಂತ್ಕೊಂಡಿದ್ದು ಹೇಗೆ ಅಂತ ಯಾರಾದ್ರೂ ಬರೀಬೇಕು, ಅದು ನಿಜವಾದ ಇತಿಹಾಸ.

ಈಗ ನನ್ನ ಕೋರಿಕೆ. ಹಳೇ ಸಂಚಿಕೆಗಳ ಫೈಲುಗಳನ್ನ ಏನ್ ಮಾಡ್ತಿದೀರ? ಗೋಡೌನಲ್ಲಿ ಇದೆ, ಜಾಗ ಸಾಲ್ತಿಲ್ಲ ಅಂತ ನಿಮ್ಮೋರೇ ಒಬ್ರು ಹೇಳಿದ್ರು, ಜಾಗ ಸಾಲ್ತಿಲ್ಲ ಅಂದ್ರೆ ಮುಂದೇನು ಅಂತ ನನಗೆ ಗೊತ್ತು, ರದ್ದಿಯೋರಿಗೂ ಗೊತ್ತು. ಅಚ್ಚಾದ ಪುಸ್ತಕ ಗ್ರಂಥಾಲಯಕ್ಕೆ ಕೊಡ್ಬೇಕು ಅನ್ನೋ 1954ರ ಕಾನೂನು, 1956ರಲ್ಲಿ ಪತ್ರಿಕೆಗಳಿಗೂ ಸೇರಿಸಿದ್ದು, ಅದರ ಪ್ರಕಾರ ಒಂದು ಪ್ರತಿ ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯಕ್ಕೆ ಕಳಿಸ್ಬೇಕಿತ್ತು. ಕಳಿಸಿದ್ರೆ ಸಂತೋಷ, ಆದ್ರೆ ಹೊಳೆನರಸೀಪುರದೋನು ತನ್ನ ಜಮೀನಿನ ನೋಟಿಸ್ ಹುಡುಕೋಕೆ ಹೌರಾ ಬ್ರಿಡ್ಜ್ ದಾಟ್ಬೇಕಾ? ನ್ಯೂಸ್‌ಪ್ರಿಂಟ್ ಮರದ ತಿರುಳಿನ ಕಾಗದ, ಬೆಳಕು ಗಾಳಿಗೆ ಹಳದಿ ತಿರುಗಿ ಮುಟ್ಟಿದ್ರೆ ಪುಡಿ ಆಗುತ್ತೆ, ಇನ್ನೊಂದು ಹತ್ತು ಮಳೆಗಾಲ ಅದು ತಡೆಯಲ್ಲ. ಸ್ಕ್ಯಾನರ್ ಒಳಗೆ ತೂರಿಸಿ ಹರೀಬೇಡಿ, ಟೇಬಲ್ ಮೇಲೆ ಬಿಚ್ಚಿಟ್ಟು ಮೇಲಿಂದ ಫೋಟೋ ತೆಗೆದ್ರೆ ಸಾಕು, ಒಳ್ಳೇ ಮೊಬೈಲೇ ಆಗುತ್ತೆ. ಕಂಪ್ಯೂಟರಿಗೆ ಓದ್ಸೋದು, ಹುಡುಕೋ ಹಂಗೆ ಮಾಡೋದು ಆಮೇಲಿನ ಮಾತು, ಸವೆದ ಮೊಳೇಲಿ ಅಚ್ಚಾದ ಅಕ್ಷರ ಅದಕ್ಕೆ ಹೆಂಗೂ ಅರ್ಥ ಆಗಲ್ಲ.

ಮೊದಲು ಯಾವ ವರ್ಷದ ಫೈಲ್ ಇದೆ, ಯಾವುದು ಇಲ್ಲ ಅಂತ ಒಂದು ಪಟ್ಟಿ ಪೇಪರಲ್ಲೇ ಹಾಕಿ. 1978ರ ನವೆಂಬರ್, ಪಕ್ಕದ ಚಿಕ್ಕಮಗಳೂರಲ್ಲಿ ಇಂದಿರಾ ಗಾಂಧಿ ನಿಂತಿದ್ರಲ್ಲ ಆ ತಿಂಗಳು, ಮತ್ತೆ 1981ರ ಫೆಬ್ರವರಿ, ಶ್ರವಣಬೆಳಗೊಳದಲ್ಲಿ ಸಾವಿರ ವರ್ಷದ ಮಸ್ತಕಾಭಿಷೇಕ, ಇವೆರಡು ಇದ್ಯಾ ನೋಡಿ. ಇಲ್ಲದ್ದು ಓದುಗರ ಮನೇಲಿ ಸಿಗುತ್ತೆ, ಟ್ರಂಕುಗಳಲ್ಲಿ. ಫೋಟೋ ತೆಗೆಯೋಕೆ ಪುಟ ತಿರುವೋಕೆ ಜನ ಬೇಕು ಅಂದ್ರೆ ನಾನು ಬರ್ತೀನಿ, ಇನ್ನೂ ಒಂದಿಬ್ರು ಹಳಬ್ರು ಇದಾರೆ, ಅವರನ್ನೂ ಕರ್ಕೊಂಡು ಬರ್ತೀನಿ, ಬೆಳಿಗ್ಗೆ ಹೊತ್ತು ಆದ್ರೆ ಒಳ್ಳೇದು, ಸಂಜೆ ಕಣ್ಣು ಕಾಣಲ್ಲ.

ಪತ್ರ ಉದ್ದ ಆಗಿದೆ, ಕತ್ತರಿಸೋದಾದ್ರೆ ಮೊದಲನೇ ಪ್ಯಾರಾ ಕತ್ತರಿಸಿ, ಫೈಲಿನ ವಿಷಯ ಬಿಡ್ಬೇಡಿ.

ಇಂತಿ,
ಒಬ್ಬ ಹಳೇ ಕಂಪೋಸಿಟರ್, ಹಾಸನ