ದುಡ್ಡು ತಗೊಂಡು ಮಾಡಿದ ರೀಲ್ಸ್ ಅಂತ ಮೊದಲೇ ಹೇಳಲಿ

ಮಾನ್ಯ ಸಂಪಾದಕರೇ,

ಪತ್ರಿಕೆಯಲ್ಲಿ ಕಂಪನಿಯೊಂದು ದುಡ್ಡು ಕೊಟ್ಟು ಸುದ್ದಿಯ ಹಾಗೆ ಕಾಣುವ ಪುಟ ಹಾಕಿಸಿದರೆ ಮೇಲೆ ‘ಜಾಹೀರಾತು’ ಅಂತ ಇರುತ್ತದೆ. ಓದುವವರಿಗೆ ಗೊತ್ತಾಗುತ್ತದೆ, ನಂಬುವುದು ಬಿಡುವುದು ಅವರಿಗೆ ಬಿಟ್ಟಿದ್ದು. ಇನ್‌ಸ್ಟಾಗ್ರಾಂ, ಯೂಟ್ಯೂಬ್‌ನಲ್ಲಿ ಲಕ್ಷಗಟ್ಟಲೆ ಫಾಲೋವರ್ಸ್ ಇಟ್ಟುಕೊಂಡಿರುವ ನಮ್ಮ ಕನ್ನಡದ ಇನ್‌ಫ್ಲೂಯೆನ್ಸರ್‌ಗಳಲ್ಲಿ ಎಷ್ಟೋ ಜನ ಅಷ್ಟನ್ನೂ ಮಾಡುತ್ತಿಲ್ಲ.

ನಮ್ಮ ಚಿಕ್ಕಪ್ಪ ಮೊನ್ನೆ ಒಂದು ರೀಲ್ಸ್ ತೋರಿಸಿದರು. ದೇವನಹಳ್ಳಿ ಕಡೆಯ ಲೇಔಟ್. ಡ್ರೋನ್‌ನಲ್ಲಿ ತೆಗೆದ ಹೊಸ ರಸ್ತೆ, ಸಾಲಾಗಿ ನೆಟ್ಟ ಗಿಡಗಳು. ನಡುವೆ ನಿಂತ ಹುಡುಗ ‘ನಾವೂ ಇಲ್ಲೇ ಒಂದು ಸೈಟ್ ಬುಕ್ ಮಾಡಿದೀವಿ, ನೀವು ಲೇಟ್ ಮಾಡಬೇಡಿ’ ಅಂತಾನೆ. ಚಿಕ್ಕಪ್ಪ ರಿಟೈರ್ ಆದಾಗ ಬಂದ ದುಡ್ಡಿನಲ್ಲಿ ಮುಂಗಡ ಕೊಡಲು ಹೊರಟಿದ್ದರು. ನಾನು ಕ್ಯಾಪ್ಷನ್ ಪೂರ್ತಿ ತೆರೆದು ನೋಡಿದೆ. ಕನಸು, ಮನೆ, ಬೆಂಗಳೂರು ಅಂತ ಒಂದು ರಾಶಿ ಹ್ಯಾಶ್‌ಟ್ಯಾಗ್, ಅದರ ಕೊನೆಯಲ್ಲಿ ‘ಕೊಲ್ಯಾಬ್’ (ಅಂದರೆ ಕಂಪನಿ ಜೊತೆ ಸೇರಿ ಮಾಡಿದ್ದು) ಅಂತ ಒಂದೇ ಪದ. ರೇರಾ ನಂಬರ್, ಅಂದರೆ ರಿಯಲ್ ಎಸ್ಟೇಟ್ ಪ್ರಾಧಿಕಾರದಲ್ಲಿ ಲೇಔಟ್ ನೋಂದಣಿಯಾದ ಸಂಖ್ಯೆ, ಎಲ್ಲೂ ಇಲ್ಲ. 2016ರ ರೇರಾ ಕಾಯ್ದೆಯ ಪ್ರಕಾರ ಇಂಥ ಲೇಔಟ್‌ಗಳ ಜಾಹೀರಾತಿನಲ್ಲಿ ನೋಂದಣಿ ಸಂಖ್ಯೆ ಮತ್ತು ಪ್ರಾಧಿಕಾರದ ವೆಬ್‌ಸೈಟ್ ವಿಳಾಸ ಇರಲೇಬೇಕು. ಇದು ಜಾಹೀರಾತು ಅಂತಲೇ ಜನಕ್ಕೆ ಗೊತ್ತಾಗದಿದ್ದರೆ ನಂಬರ್ ಎಲ್ಲಿ ಅಂತ ಕೇಳುವವರು ಯಾರು? ನನಗೆ ಸಿಟ್ಟು ಬಂದದ್ದು ಇದಕ್ಕೇ. ಮುಖದ ಕ್ರೀಮ್ ಆಗಿದ್ದರೆ ಐನೂರು ರೂಪಾಯಿ ಹೋಗುತ್ತಿತ್ತು, ಇಲ್ಲಿ ಒಬ್ಬರ ಜೀವಮಾನದ ಉಳಿತಾಯವೇ ಹೋಗುತ್ತದೆ.

ನಿಯಮ ಇಲ್ಲ ಅಂತೇನಿಲ್ಲ. ಜಾಹೀರಾತು ಉದ್ಯಮದವರೇ ಕಟ್ಟಿಕೊಂಡಿರುವ ಎಎಸ್‌ಸಿಐ 2021ರಲ್ಲೇ ಇನ್‌ಫ್ಲೂಯೆನ್ಸರ್‌ಗಳಿಗೆ ಮಾರ್ಗಸೂಚಿ ತಂದಿತು. 2023ರ ಜನವರಿಯಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆಯೂ ಬಿಡಿಸಿ ಹೇಳಿದೆ. ದುಡ್ಡು ಮಾತ್ರ ಅಲ್ಲ, ಪುಕ್ಕಟೆ ಸಾಮಾನು, ಹೋಟೆಲ್ ವಾಸ, ಟ್ರಿಪ್ ಏನೇ ಸಿಕ್ಕಿದ್ದರೂ ತಿಳಿಸಬೇಕು. ಫೋಟೊ ಆದರೆ ಅದರ ಮೇಲೇ ಬರೆದಿರಬೇಕು. ವಿಡಿಯೊ ಆದರೆ ಬಾಯಲ್ಲೂ ಹೇಳಬೇಕು, ಪರದೆ ಮೇಲೂ ತೋರಿಸಬೇಕು. ಲೈವ್ ಆದರೆ ಕೊನೆವರೆಗೂ ಕಾಣುತ್ತಿರಬೇಕು. ಹ್ಯಾಶ್‌ಟ್ಯಾಗ್‌ಗಳ ನಡುವೆ ಹುದುಗಿಸಿ ಇಡುವ ಹಾಗಿಲ್ಲ.

ದಾರಿ ತಪ್ಪಿಸುವ ಜಾಹೀರಾತಿಗೆ 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ 10 ಲಕ್ಷ ರೂಪಾಯಿವರೆಗೆ ದಂಡ ಇದೆ, ಮತ್ತೆ ಮಾಡಿದರೆ 50 ಲಕ್ಷದವರೆಗೆ. ಪ್ರಚಾರ ಮಾಡಿದವರಿಗೆ ಒಂದು ವರ್ಷದವರೆಗೆ, ಮತ್ತೆ ಸಿಕ್ಕಿಬಿದ್ದರೆ ಮೂರು ವರ್ಷದವರೆಗೆ ಯಾವ ಜಾಹೀರಾತನ್ನೂ ಮಾಡದಂತೆ ನಿಷೇಧ ಹಾಕಬಹುದು. ಹೇಳುವ ಮೊದಲು ಸರಿಯಾಗಿ ವಿಚಾರಿಸಿದ್ದೆ ಅಂತ ತೋರಿಸಿದವರಿಗೆ ಇದರಿಂದ ವಿನಾಯಿತಿಯೂ ಇದೆ. ಹಾಗಾಗಿ ಕಾನೂನು ಕಠೋರ ಅಂತ ಯಾರೂ ಗೋಳಾಡಬೇಕಿಲ್ಲ.

ಹುಡುಗರನ್ನಷ್ಟೇ ಹಿಡಿದರೆ ಸಾಲದು ಅಂತಲೂ ಹೇಳಬೇಕು. ಯಾವುದೋ ತಾಲ್ಲೂಕಿನಿಂದ ಬಂದು, ಫೋನಿನಲ್ಲೇ ಶೂಟ್ ಮಾಡಿ ಮೇಲೆ ಬಂದವರು ಇದ್ದಾರೆ. ಅವರಿಗೆ ಸ್ಕ್ರಿಪ್ಟ್ ಕೊಡುವುದು, ಹೀಗೇ ಹೇಳಿ, ಹಾಗೆ ಹೇಳಬೇಡಿ ಅನ್ನುವುದು ಕಂಪನಿ ಮತ್ತು ನಡುವಿನ ಏಜೆನ್ಸಿ. ದಂಡದ ಮೊದಲ ನೋಟಿಸ್ ಅಲ್ಲಿಗೆ ಹೋಗಲಿ. ಪ್ರಾಮಾಣಿಕವಾಗಿ ‘ಇದು ಪೇಯ್ಡ್’ ಅಂತ ಹೇಳಿ ಮಾಡುವ ಕ್ರಿಯೇಟರ್‌ಗಳೂ ಇದ್ದಾರೆ, ಮುಚ್ಚಿಡುವವರಿಂದ ಅವರಿಗೇ ಜಾಸ್ತಿ ನಷ್ಟ ಅಲ್ವಾ?

ನನ್ನ ಬೇಡಿಕೆ ರಾಜ್ಯ ಸರ್ಕಾರಕ್ಕೆ. ಇಂಥ ದೂರನ್ನು ದೆಹಲಿಗೇ ಕಳಿಸಬೇಕಿಲ್ಲ, ಜಿಲ್ಲಾಧಿಕಾರಿಗೂ ಕೊಡಬಹುದು ಅಂತ ಅದೇ 2019ರ ಕಾಯ್ದೆಯಲ್ಲಿದೆ. ವಿಚಾರಣೆ ಮಾಡಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರಕ್ಕೆ ವರದಿ ಕೊಡುವ ಅಧಿಕಾರವೂ ಅವರಿಗಿದೆ. ಇದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಪ್ರತಿ ಡಿಸಿ ಆಫೀಸಿನಲ್ಲಿ ಇದಕ್ಕೇ ಅಂತ ಒಬ್ಬರನ್ನು ನೇಮಿಸಲಿ, ಕನ್ನಡದಲ್ಲಿ ದೂರು ತೆಗೆದುಕೊಳ್ಳಲಿ, ಏನಾಯಿತು ಅಂತ ದೂರು ಕೊಟ್ಟವರಿಗೆ ತಿಳಿಸಲಿ. ಓದುಗರು ಗ್ರಾಹಕ ಸಹಾಯವಾಣಿ 1915ಕ್ಕೂ ಕರೆ ಮಾಡಬಹುದು. ಕರೆ ಮಾಡುವ ಮೊದಲು ರೀಲ್ಸ್‌ನ ಲಿಂಕ್, ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ. ಸ್ಟೋರಿ ಆಗಿದ್ದರೆ 24 ಗಂಟೆಯಲ್ಲಿ ಮಾಯವಾಗುತ್ತದೆ.

– ಒಬ್ಬ ಓದುಗ, ತುಮಕೂರು