ನಮ್ಮನ್ನು ಕ್ಲಾಸಿಗೆ ಕರೆದವರಿಗೆ

ಮೊನ್ನೆ ಎಂಎಸ್‌ಡಬ್ಲ್ಯೂ, ಅಂದರೆ ಸಮಾಜಕಾರ್ಯದ ಸ್ನಾತಕೋತ್ತರ ಪದವಿ ಓದುವ ಮಕ್ಕಳ ಕೊನೆಯ ಪರೀಕ್ಷೆ ಮುಗಿಯಿತು. ಅವರ ಜೊತೆ ನಮ್ಮದೂ ಒಂದು ವರ್ಷ ಮುಗಿಯಿತು. ನಾನು ಓದಿದ್ದು ಏಳನೇ ತರಗತಿ. ಬಳ್ಳಾರಿಯ ಕೌಲ್ ಬಜಾರಿನ ಮನೆಯಲ್ಲೇ ಜೀನ್ಸ್ ಹೊಲಿಯುತ್ತೇನೆ, ಪೀಸ್ ಲೆಕ್ಕದ ಕೂಲಿ. ನನ್ನ ತಮ್ಮನಿಗೆ 2009ರಿಂದ ಸ್ಕಿಜೋಫ್ರೇನಿಯಾ ಅನ್ನೋ ಮಾನಸಿಕ ಕಾಯಿಲೆ. ಇಂಥ ನಾವು ಸಮಾಜಕಾರ್ಯ ಓದುವವರಿಗೆ ತಿಂಗಳಿಗೊಂದು ಕ್ಲಾಸ್ ತೆಗೆದುಕೊಂಡೆವು. ಇದನ್ನೆಲ್ಲ ತಮ್ಮನಿಗೆ ಓದಿ ಹೇಳಿ, ಅವನು ಒಪ್ಪಿದ ಮೇಲೇ ಹಾಕುತ್ತಿದ್ದೇನೆ.

ಮೊದಲು, ಆ ಮಕ್ಕಳಿಗೆ ಪಾಠ ಮಾಡುವ ಮೇಡಂಗೆ. ಕಳೆದ ವರ್ಷ ಮನೆಗೆ ಬಂದು, ಮಷೀನ್ ಪಕ್ಕದಲ್ಲೇ ಚಾಪೆ ಮೇಲೆ ಕೂತು, "ನಮ್ಮ ಮಕ್ಕಳು ನಾಳೆ ಇಂಥ ಮನೆಗಳಿಗೇ ಬರೋದು. ಹೇಗೆ ಬರಬೇಕು ಅಂತ ನೀವೇ ಕಲಿಸಿಕೊಡಿ" ಅಂದಿರಿ. ಇಂಗ್ಲೆಂಡಿನಲ್ಲಿ 2003ರಿಂದ ಸಮಾಜಕಾರ್ಯ ಪದವಿ ಓದುವವರಿಗೆ ಕಲಿಸುವಾಗ ಸೇವೆ ಪಡೆಯುವವರನ್ನೂ ಮನೆಯಲ್ಲಿ ನೋಡಿಕೊಳ್ಳುವವರನ್ನೂ ಸೇರಿಸಿಕೊಳ್ಳಲೇಬೇಕು ಅಂತಲೂ ಹೇಳಿದಿರಿ. ನನಗೆ ಹೆಚ್ಚು ತಟ್ಟಿದ್ದು ಇನ್ನೊಂದು ಮಾತು. ಬೆಂಗಳೂರಿನ ನಿಮ್ಹಾನ್ಸ್ ಆಸ್ಪತ್ರೆಯವರು 1985ರಿಂದ ನಮ್ಮ ಬಳ್ಳಾರಿಯಲ್ಲಿ ಮಾಡಿ ನೋಡಿದ ಮಾನಸಿಕ ಆರೋಗ್ಯದ ಕೆಲಸದ ಮಾದರಿಯಲ್ಲೇ 1996ರಲ್ಲಿ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮ ಶುರುವಾಯಿತಂತೆ. ನಮ್ಮೂರಿನ ಬಗ್ಗೆ ಇದು ನನಗೆ ಗೊತ್ತೇ ಇರಲಿಲ್ಲ.

ಮಷೀನ್ ನಿಂತರೆ ನಮಗೆ ಆ ದಿನದ ಕೂಲಿ ಇಲ್ಲ. ಬಾಯಿಬಿಟ್ಟು ಕೇಳುವ ಮೊದಲೇ ನೀವು ಗೌರವಧನ, ಆಟೋ ಚಾರ್ಜು ಕೈಗೆ ಕೊಟ್ಟಿರಿ. ಅದನ್ನು ಮರೆಯಲ್ಲ.

ಮಕ್ಕಳೇ, ಮೊದಲ ಕ್ಲಾಸು ನೆನಪಿದೆಯಾ? ಸಿರುಗುಪ್ಪದ ಹುಡುಗ ಫಾರಂ ಹಿಡಿದು, "ಪೇಷಂಟ್‌ಗೆ ಎಷ್ಟು ವರ್ಷದಿಂದ ಕಾಯಿಲೆ?" ಅಂತ ಶುರು ಮಾಡಿದ. "ಮೊದಲು ಅವನ ಹೆಸರು ಕೇಳಪ್ಪ. ಹಂಗೇ, ಉಂಡೆಯಾ ಅಕ್ಕಾ ಅಂತ ನನ್ನನ್ನೂ ಕೇಳು" ಅಂದೆ. ಅವನು ಫಾರಂ ಮಡಚಿ ಬ್ಯಾಗಿಗೆ ಹಾಕಿಬಿಟ್ಟ.

ಮೂರು ಕ್ಲಾಸು ನಾನೊಬ್ಬಳೇ ಮಾತಾಡಿದೆ. ಒಂದು ರಾತ್ರಿ ಪ್ಯಾಂಟಿನ ದಾರ ಕತ್ತರಿಸುತ್ತಾ ತಮ್ಮ, "ನನ್ನ ವಿಷಯ ಎಷ್ಟು ದಿನ ನೀನೊಬ್ಬಳೇ ಹೇಳ್ತೀಯಕ್ಕಾ?" ಅಂದ. ನನಗೆ ಸಿಟ್ಟು ಬಂತು. ಇಷ್ಟು ವರ್ಷ ನೋಡಿಕೊಂಡವಳು ನಾನಲ್ವಾ? ಆದರೂ ಮುಂದಿನ ಸಲ ಕರೆದುಕೊಂಡು ಹೋದೆ. ಗುಳಿಗೆ ಸರಿಯಾಗಿ ತಗೊಳ್ತಾನೆ, ಅದಕ್ಕೇ ಆರಾಮಿದ್ದಾನೆ ಅಂತ ನಾನು ಹೇಳಿದ್ದೆ. ಅವನು ಸುಮ್ನೆ ಎದ್ದು ನಿಂತು ಕೈ ಮುಂದೆ ಚಾಚಿದ.

"ಗುಳಿಗೆ ತಗೊಂಡ್ರೆ ಕೈ ನಡುಗ್ತೈತೆ. ಸೂಜಿಗೆ ದಾರ ಪೋಣಿಸೋಕಾಗಲ್ಲ. ನಿದ್ದೆ ಬಂತಾ ಅಂತ ಎಲ್ಲರೂ ಕೇಳ್ತಾರೆ. ಕೈ ಬಗ್ಗೆ ಯಾರೂ ಕೇಳಿಲ್ಲ."

ನಾನೂ ಕೇಳಿರಲಿಲ್ಲ. ಒಂದೇ ಮನೆಯಲ್ಲಿದ್ದು, ಹೆದರಿಕೆಗೆ ನಡುಗುತ್ತಾನೆ ಅಂದುಕೊಂಡಿದ್ದೆ. ಮುಂದಿನ ಮಂಗಳವಾರ ಇಬ್ಬರು ಹುಡುಗಿಯರು ನಮ್ಮ ಜೊತೆ ಆಸ್ಪತ್ರೆಗೆ ಬಂದರು. ಅವನ ಬದಲು ಅವರೂ ಮಾತಾಡಲಿಲ್ಲ, ನನಗೂ ಬಿಡಲಿಲ್ಲ. ಡಾಕ್ಟರಿಗೆ ಅವನೇ ಹೇಳಿದ. ಡೋಸ್ ಬದಲಾಯಿತು. ಈಗ ನಡುಕ ಎಷ್ಟೋ ಕಡಿಮೆ.

ಇನ್ನೊಂದು ದಿನ, ಮಕ್ಕಳೇ, ನೀವು 2017ರ ಮಾನಸಿಕ ಆರೋಗ್ಯ ಕಾಯ್ದೆ ಬಿಡಿಸಿ ಹೇಳಿದಿರಿ. ಕಾಯಿಲೆ ಜಾಸ್ತಿಯಾದಾಗ ತನ್ನ ಪರವಾಗಿ ಯಾರು ನಿಲ್ಲಬೇಕು ಅಂತ ಅವನೇ ಆರಿಸಬಹುದು, ಬಿಳಿ ಹಾಳೆಯಲ್ಲಿ ಬರೆದು ಸಹಿ ಹಾಕಬೇಕು ಅಂದಿರಿ. ನನ್ನ ಬಿಟ್ಟು ಯಾರನ್ನು ಬರೀತಾನೆ ಅಂದುಕೊಂಡೆ. ಅವನು ಎರಡು ದಿನ ಯೋಚನೆ ಮಾಡಿದ. ಆಮೇಲೆ ನನ್ನ ಹೆಸರು ಬರೆದ. ಆ ಹಾಳೆ ನನ್ನ ಬಾಬಿನ್ ಡಬ್ಬಿಯಲ್ಲಿದೆ.

ಕ್ಲಾಸಿದ್ದ ದಿನ ನಮ್ಮ ಬಂಡಲ್ ಇಳಿಸಿಕೊಂಡು ಕಾದ ಪಕ್ಕದ ಮನೆ ಚಿಕ್ಕಮ್ಮನಿಗೆ, ನಮ್ಮಂತೆಯೇ ಮನೆಯವರನ್ನು ನೋಡಿಕೊಳ್ಳುತ್ತಾ ಕ್ಲಾಸಿಗೆ ಬಂದು ಮಾತಾಡಿದ ಉಳಿದವರಿಗೆ ಕೈಮುಗಿಯುತ್ತೇನೆ.

ಮಕ್ಕಳೇ, ಕೆಲಸ ಎಲ್ಲೇ ಸಿಗಲಿ, ಬಳ್ಳಾರಿ ಕಡೆ ಬಂದರೆ ಮನೆಗೆ ಬನ್ನಿ. ಒಗ್ಗರಣೆ, ಮಿರ್ಚಿ ಮಾಡ್ತೀನಿ. ನೀವೆಲ್ಲ ಯಾವಾಗ ಬರ್ತೀರಿ ಅಂತ ತಮ್ಮ ಈಗಲೇ ಕೇಳ್ತಿದ್ದಾನೆ.